ಗಾಜಿಗೆ ಅಂಟಿಸಿದ ಪೆಟ್ಟಿಗೆ, ಡ್ಯಾಶ್‌ಬೋರ್ಡಿನೊಳಗಿನ ಪೆಟ್ಟಿಗೆ

2025ರ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನಮ್ಮ ಡೊಂಬಿವಲಿ ಮನೆಯ ಲಾಫ್ಟಿನಿಂದ ಹಳೆಯದೊಂದು ಬಿಸ್ಕೀಟು ಡಬ್ಬಿ ಕೆಳಗಿಳಿಯಿತು. ತೆರೆದು ನೋಡಿದರೆ, ನನ್ನ ಹಳೇ ಜಿಪಿಎಸ್ ಪೆಟ್ಟಿಗೆ! ಕಾರಿನ ಮುಂದಿನ ಗಾಜಿಗೆ ರಬ್ಬರ್ ಬಟ್ಟಲು ಒತ್ತಿ ಅಂಟಿಸುತ್ತಿದ್ದೆವಲ್ಲ, ಅಂಗೈ ಅಗಲದ ಪರದೆಯದ್ದು, ಅದೇ. 2010ರಲ್ಲಿ ಕೊಂಡದ್ದು. "ಭಂಗಾರ್‌ವಾಲಾ ಬಂದಾಗ ಕೊಟ್ಟುಬಿಡಿ" ಅಂದಳು ಮನೆಯಾಕೆ. (ಮುಂಬೈಗೆ ಬಂದ ಹೊಸತರಲ್ಲಿ ಈ ಶಬ್ದ ಕೇಳಿ, ಓಣಿ ಓಣಿಯಲ್ಲಿ ಕೂಗಿಕೊಂಡು ಬಂಗಾರ ಕೊಳ್ಳುತ್ತಾರಲ್ಲ, ಎಂಥ ಶ್ರೀಮಂತ ಊರಪ್ಪಾ ಅಂದುಕೊಂಡವನು ನಾನು. ಗುಜರಿಗೆ ಇಲ್ಲಿ ಭಂಗಾರ್ ಅಂತಾರೆ ಅಂತ ತಿಳಿಯಲು ಒಂದು ವಾರ ಬೇಕಾಯಿತು.)

ಕೊಡುವ ಮೊದಲು ಒಮ್ಮೆ ನೋಡೋಣ ಅಂತ ಕೆಳಗೆ ಹೋಗಿ ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿದೆ. ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿತ್ತು, ಆದರೆ ಕಾರಿನ ಕರೆಂಟಿಗೆ ಪರದೆ ಬೆಳಗಿತು. ಹತ್ತು ನಿಮಿಷ ಆಕಾಶ ಹುಡುಕಿತು. ಆಮೇಲೆ ನಾನು ಎಲ್ಲಿ ನಿಂತಿದ್ದೇನೆ ಅಂತ ಸರಿಯಾಗಿ ಹೇಳಿತು, ಸೊಸೈಟಿಯ ಗೇಟಿನ ಬಲಕ್ಕೆ. ಆದರೆ ತಾರೀಖು? 2006ರ ಫೆಬ್ರವರಿ! ಅಂದರೆ ಅದನ್ನು ನಾನು ಕೊಳ್ಳುವುದಕ್ಕೂ ನಾಲ್ಕು ವರ್ಷ ಹಿಂದೆ. ಸುತ್ತಲಿನ ಇಪ್ಪತ್ತೆರಡು ಮಾಳಿಗೆಯ ಕಟ್ಟಡಗಳೆಲ್ಲ ಆ ನಕ್ಷೆಯಲ್ಲಿ ಖಾಲಿ ಜಾಗ.

ತಾರೀಖಿನ ತಮಾಷೆಗೆ ಕಾರಣ ಇದೆ. ಜಿಪಿಎಸ್ ಉಪಗ್ರಹಗಳು ಹಳೆಯ ಪದ್ಧತಿಯಲ್ಲಿ ವಾರಗಳನ್ನು ಸೊನ್ನೆಯಿಂದ 1023ರ ತನಕ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತವೆ. ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರು ತಿರುಗಿ ಸೊನ್ನೆಗೆ ಬರುತ್ತಿತ್ತಲ್ಲ, ಹಾಗೆ. 2019ರ ಏಪ್ರಿಲ್ 6ರ ರಾತ್ರಿ ಆ ಎಣಿಕೆ ಎರಡನೆಯ ಬಾರಿ ಸೊನ್ನೆಗೆ ಬಂತು. ಅದಕ್ಕೆ ತಯಾರಾಗಿರದ ಹಳೇ ಯಂತ್ರಗಳು ಅಂದಿನಿಂದ ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದೆಯೇ ಬದುಕುತ್ತಿವೆ. ಆದರೆ ಜಾಗ ಮಾತ್ರ ಸರಿ ಹೇಳುತ್ತವೆ. ಆಕಾಶದ ಲೆಕ್ಕ ಸರಿ, ನೆಲದ ಲೆಕ್ಕ ತಪ್ಪು. ಯಂತ್ರ ಹಿಡಿದುಕೊಂಡು ಕಾರಿನಲ್ಲಿ ಕೂತವನಿಗೆ 2010ರ ನಮ್ಮ ಜಗಳ ನೆನಪಾಯಿತು.

ಆಗ ಹೊಸ ಕಾರು ತೆಗೆದುಕೊಳ್ಳುವವರಿಗೆ ಇದೊಂದು ದೊಡ್ಡ ಪ್ರಶ್ನೆ. ಮೇಲಿನ ಮಾಡೆಲ್ ತೆಗೆದುಕೊಂಡರೆ ಡ್ಯಾಶ್‌ಬೋರ್ಡಿನಲ್ಲೇ ಕಂಪನಿಯವರು ಕೂರಿಸಿದ ನಕ್ಷೆ ಯಂತ್ರ ಬರುತ್ತಿತ್ತು. ಬೇಡ ಅಂದರೆ ಹತ್ತು-ಹನ್ನೆರಡು ಸಾವಿರಕ್ಕೆ ಅಂಟಿಸುವ ಪೆಟ್ಟಿಗೆ. ಪುಣೆಯಲ್ಲಿರುವ ನಮ್ಮ ಭಾವ, ಅಕ್ಕನ ಗಂಡ, ಒಳಗೇ ಇರುವ ಯಂತ್ರದ ದೊಡ್ಡ ಕಾರು ಕೊಂಡಿದ್ದರು. ನಾನು ಅಂಟಿಸುವ ಪಕ್ಷ. "ಗಾಜಿಗೆ ಅಂಟಿಸ್ಕೊಂಡು ತಿರುಗೂದು ಎಂತಕ್ಕೆ ಮಾರಾಯ? ಕಾರು ಅಂದಮೇಲೆ ಒಳಗೇ ಇರಬೇಕು" ಅನ್ನುವುದು ಅವರ ವಾದ. "ಭಾವ, ನಿಮ್ಮ ಕಾರು ಹದಿನೈದು ವರ್ಷ ಓಡ್ತದೆ, ಆ ನಕ್ಷೆ ಒಂದು ವರ್ಷ ಓಡ್ತದಾ?" ಅನ್ನುವುದು ನನ್ನದು. ಇಬ್ಬರಿಗೂ ಆಗ ಗೊತ್ತಿರಲಿಲ್ಲ, ಈ ಜಗಳ ನಮಗಿಂತ ಬಹಳ ಹಳೆಯದು ಅಂತ.

ಎಷ್ಟು ಹಳೆಯದು ಅಂದರೆ, ಉಪಗ್ರಹ ಬಿಡಿ, ವಿಮಾನವೇ ಆಗಿನ್ನೂ ಕಣ್ಣು ಬಿಡುತ್ತಿದ್ದ ಕಾಲದ್ದು. 1909ರಲ್ಲಿ ಅಮೆರಿಕದಲ್ಲಿ ಜೋನ್ಸ್ ಅನ್ನುವವರ 'ಲೈವ್ ಮ್ಯಾಪ್' ಅಂತ ಒಂದು ಉಪಕರಣ ಬಂದಿತ್ತು. ಗ್ರಾಮಫೋನ್ ತಟ್ಟೆಯಂಥ ಗುಂಡನೆಯ ಕಾಗದದ ಮೇಲೆ ಒಂದು ದಾರಿಯ ವಿವರ ಅಚ್ಚು ಹಾಕಿರುತ್ತಿದ್ದರು. ಕಾರಿನ ಚಕ್ರಕ್ಕೆ ಒಂದು ಕೇಬಲ್. ಚಕ್ರ ತಿರುಗಿದ ಹಾಗೆ ತಟ್ಟೆಯೂ ಮೆಲ್ಲಗೆ ತಿರುಗಿ, ಈಗ ಎಡಕ್ಕೆ, ಇನ್ನು ಸೇತುವೆ ಬರುತ್ತದೆ ಅಂತ ತೋರಿಸುತ್ತಿತ್ತು. ಒಂದು ತಟ್ಟೆಗೆ ಸುಮಾರು ನೂರು ಮೈಲಿ. ಮುಗಿದ ಮೇಲೆ ಇಳಿದು ಇನ್ನೊಂದು ತಟ್ಟೆ ಹಾಕಬೇಕು. ನಡುವೆ ಚಹಾ ಕುಡಿಯಲು ದಾರಿ ಬಿಟ್ಟು ನಾಲ್ಕು ಫರ್ಲಾಂಗು ಹೋಗಿ ಬಂದರೆ ಲೆಕ್ಕ ಕೆಟ್ಟಿತು! ಆದರೂ ಒಂದು ಮುಖ್ಯ ವಿಷಯ ಅಲ್ಲಿಯೇ ಇದೆ ನೋಡಿ. ದಾರಿ ತೋರಿಸುವ ಯಂತ್ರಕ್ಕೆ ಚಕ್ರ ಬೇಕು. ಚಕ್ರ ಬೇಕು ಅಂದರೆ ಅದು ಕಾರಿನೊಳಗೇ ಇರಬೇಕು.

ಅದೇ ತತ್ವದ ಮೇಲೆ 1981ರಲ್ಲಿ ಜಪಾನಿನ ಹೋಂಡಾ ಕಂಪನಿ 'ಎಲೆಕ್ಟ್ರೋ ಜೈರೋಕೇಟರ್' ಅನ್ನುವುದನ್ನು ತನ್ನ ಅಕಾರ್ಡ್ ಕಾರಿನಲ್ಲಿ ಕೊಟ್ಟಿತು. ಹೀಲಿಯಂ ಅನಿಲ ತುಂಬಿದ ಒಂದು ಜೈರೋ ಕಾರು ಎಷ್ಟು ತಿರುಗಿತು ಅಂತ ಹೇಳುತ್ತದೆ, ಚಕ್ರ ಎಷ್ಟು ದೂರ ಓಡಿತು ಅಂತ ಹೇಳುತ್ತದೆ, ಎರಡನ್ನೂ ಕೂಡಿಸಿ ಪುಟ್ಟ ಟಿ.ವಿ. ಪರದೆಯ ಮೇಲೆ ಬೆಳಕಿನ ಚುಕ್ಕೆ. ನಕ್ಷೆ ಎಲ್ಲಿ ಅಂತೀರಾ? ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿದ ನಕ್ಷೆಯನ್ನು ಕೈಯಿಂದಲೇ ಪರದೆಯ ಮುಂದೆ ತೂರಿಸಬೇಕು! ಹಾಳೆಯ ಅಂಚು ಬಂದರೆ ಬದಲಿಸಬೇಕು. ಬೆಲೆ ಕಾರಿನ ಬೆಲೆಯ ಕಾಲು ಭಾಗದಷ್ಟು. ಹೆಚ್ಚು ಜನ ಕೊಳ್ಳಲಿಲ್ಲ, ಆಶ್ಚರ್ಯವೇನೂ ಇಲ್ಲ.

ಈ ಕಷ್ಟ ಜಪಾನಿನವರೇ ಮೊದಲು ಯಾಕೆ ಪಟ್ಟರು ಅನ್ನುವುದು ನಮಗೆ ಬೇಗ ಅರ್ಥವಾಗುತ್ತದೆ. ಅಲ್ಲಿಯ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ. ವಿಳಾಸ ಅಂದರೆ ವಾರ್ಡು, ಅದರೊಳಗಿನ ತುಂಡು, ಅದರೊಳಗಿನ ಮನೆ ನಂಬರು. ಅಮೆರಿಕದವನು ಬೀದಿಯ ಹೆಸರು ಓದಿಕೊಂಡು ಹೋದಾನು, ಟೋಕಿಯೋದವನು ಏನು ಓದಬೇಕು? ನಮ್ಮ ಮುಂಬೈಯಲ್ಲೂ ಅಷ್ಟೇ. ಬೋರ್ಡಿನ ಮೇಲೆ ಯಾರೋ ಮಹನೀಯರ ಹೆಸರಿನ ಮಾರ್ಗ, ಬಾಯಲ್ಲಿ ಮಾತ್ರ 'ನಾಜ್ ಟಾಕೀಸ್ ಹಿಂದುಗಡೆ'. ಟಾಕೀಸು ಮುಚ್ಚಿ ಎಷ್ಟು ವರ್ಷವಾದರೂ ವಿಳಾಸ ಅದೇ!

ಈ ಕಥೆಯಲ್ಲಿ ನನಗೆ ಅತ್ಯಂತ ಪ್ರೀತಿಯ ಅಧ್ಯಾಯ 1985ರದು. ಕ್ಯಾಲಿಫೋರ್ನಿಯಾದ ಸ್ಟ್ಯಾನ್ ಹನಿ ಹಾಯಿದೋಣಿ ಓಡಿಸುವವರು, ಸಮುದ್ರದಲ್ಲಿ ದಿಕ್ಕು ಲೆಕ್ಕ ಹಾಕುವುದರಲ್ಲಿ ನಿಪುಣರು. ಅಟಾರಿ ವಿಡಿಯೋ ಗೇಮಿನ ನೋಲನ್ ಬುಶ್ನೆಲ್ ಅವರ ದೋಣಿಗೆ ನಾವಿಕರಾಗಿದ್ದರು. ಸಮುದ್ರದಲ್ಲಿ ಮಾಡುವುದನ್ನು ಕಾರಿನಲ್ಲಿ ಯಾಕೆ ಮಾಡಬಾರದು ಅಂತ ಮಾತು ಬಂದು, ಬುಶ್ನೆಲ್ ದುಡ್ಡು ಹಾಕಿ, 1983ರಲ್ಲಿ ಕಂಪನಿ ಶುರುವಾಯಿತು. ಹೆಸರು 'ಈಟಾಕ್'. ಪೆಸಿಫಿಕ್ ಸಾಗರದ ಕ್ಯಾರೊಲಿನ್ ದ್ವೀಪಗಳ ಹಳೆಯ ನಾವಿಕರ ಒಂದು ವಿದ್ಯೆಯ ಹೆಸರದು. ಅವರ ಲೆಕ್ಕದಲ್ಲಿ ದೋಣಿ ನಿಂತಲ್ಲೇ ಇರುತ್ತದೆ, ದ್ವೀಪಗಳು ಹಿಂದಕ್ಕೆ ಸರಿಯುತ್ತವೆ. ಈಗ ನಿಮ್ಮ ಫೋನು ತೆಗೆದು ನೋಡಿ. ಬಾಣದ ಗುರುತು ನಿಂತಲ್ಲೇ ಇರುತ್ತದೆ, ಊರುಗಳು ಕೆಳಗೆ ಜಾರುತ್ತವೆ. ಕಾರಿನ ಪರದೆಗೆ ಈ ನೋಟ ತಂದುಕೊಟ್ಟವರು ಇವರೇ.

1985ರಲ್ಲಿ ಬಂದ 'ಈಟಾಕ್ ನ್ಯಾವಿಗೇಟರ್'ಗೆ ಉಪಗ್ರಹದ ಸಹಾಯ ಇರಲಿಲ್ಲ. ಚಕ್ರಗಳಿಗೆ ಸೆನ್ಸರ್, ಒಂದು ದಿಕ್ಸೂಚಿ, ಮತ್ತೆ ಕ್ಯಾಸೆಟ್! ಹೌದು, ನಾವು ರಾಜಕುಮಾರ್ ಹಾಡು ಕೇಳುತ್ತಿದ್ದಂಥ ಕ್ಯಾಸೆಟ್ಟಿನಲ್ಲೇ ನಕ್ಷೆ. ಲಾಸ್ ಏಂಜಲೀಸ್ ಪ್ರದೇಶಕ್ಕೆ ಒಂದು ಕ್ಯಾಸೆಟ್ ಸಾಲುತ್ತಿರಲಿಲ್ಲ, ಓಡುತ್ತಾ ಓಡುತ್ತಾ ಬದಲಿಸಬೇಕು. ಆದರೆ ಅವರ ಜಾಣತನ ಇದ್ದದ್ದು ತಪ್ಪು ತಿದ್ದಿಕೊಳ್ಳುವುದರಲ್ಲಿ. ಚಕ್ರದ ಲೆಕ್ಕ ಯಾವಾಗಲೂ ಸ್ವಲ್ಪ ಸ್ವಲ್ಪ ತಪ್ಪುತ್ತದೆ, ಟೈರಿನ ಗಾಳಿ ಕಡಿಮೆಯಾದರೂ ತಪ್ಪುತ್ತದೆ, ಮತ್ತು ಆ ತಪ್ಪು ಕೂಡುತ್ತಾ ಹೋಗುತ್ತದೆ. ನಮ್ಮ ಶಿರಸಿ ಕಡೆಯ ಹಳೇ ಮನೆಗಳಲ್ಲಿ ಕರೆಂಟು ಹೋದ ರಾತ್ರಿ ಬಚ್ಚಲಿಗೆ ಹೋಗುವುದು ಹೇಗೆ? ಹೆಜ್ಜೆ ಎಣಿಸುತ್ತಾ ಹೋಗುತ್ತೀರಿ, ನಡುವೆ ಜಗುಲಿಯ ಕಂಬ ಕೈಗೆ ಸಿಕ್ಕಿದರೆ, 'ಓ ಇಲ್ಲಿದ್ದೇನೆ' ಅಂತ ಲೆಕ್ಕ ಸರಿ ಮಾಡಿಕೊಂಡು ಮುಂದೆ ಹೋಗುತ್ತೀರಿ. ಈಟಾಕ್ ಮಾಡಿದ್ದೂ ಅದೇ. ಕಾರು ಬಲಕ್ಕೆ ತಿರುಗಿತು, ನಕ್ಷೆಯಲ್ಲಿ ಹತ್ತಿರದಲ್ಲಿ ಬಲಕ್ಕೆ ತಿರುಗುವ ರಸ್ತೆ ಒಂದೇ ಇದೆ, ಹಾಗಾದರೆ ನಾವು ಅಲ್ಲೇ ಇರಬೇಕು ಅಂತ ತನ್ನನ್ನು ತಾನೇ ತಿದ್ದಿಕೊಳ್ಳುವುದು. ಈ ವಿದ್ಯೆಗೆ ಒಂದೇ ಷರತ್ತು, ನಕ್ಷೆ ಸರಿಯಿರಬೇಕು. ಕಂಬ ಇಲ್ಲದ ಕಡೆ ಕಂಬ ಇದೆ ಅಂತ ನಂಬಿದರೆ ಬಚ್ಚಲಿನ ಬದಲು ಬಾವಿಕಟ್ಟೆಗೆ ಹೋಗುತ್ತೀರಿ.

ಅಂತೂ 1980ರ ದಶಕದ ತನಕ ಒಳಗೆ-ಹೊರಗೆ ಅನ್ನುವ ಆಯ್ಕೆಯೇ ಇರಲಿಲ್ಲ. ಕಾರಿನ ಚಕ್ರಕ್ಕೆ ತಂತಿ ಕಟ್ಟದೆ ಯಂತ್ರಕ್ಕೆ ತಾನೆಲ್ಲಿದ್ದೇನೆ ಅಂತ ತಿಳಿಯುವ ಉಪಾಯವೇ ಇಲ್ಲ.

ಆ ತಂತಿ ಕಡಿದದ್ದು ಆಕಾಶ. ಅಮೆರಿಕದ ಸೈನ್ಯ ಮೊದಲ ಜಿಪಿಎಸ್ ಉಪಗ್ರಹ ಹಾರಿಸಿದ್ದು 1978ರಲ್ಲಿ. ಸುಮಾರು 20,200 ಕಿಲೋಮೀಟರ್ ಎತ್ತರ, ಒಳಗೆ ಪರಮಾಣು ಗಡಿಯಾರ. ಕೆಳಗಿನ ರಿಸೀವರ್ ಕಡಿಮೆ ಅಂದರೆ ನಾಲ್ಕು ಉಪಗ್ರಹಗಳ ಸಂಕೇತ ಬರಲು ಹಿಡಿದ ಸಮಯ ಅಳೆದು ತನ್ನ ಜಾಗ ಲೆಕ್ಕ ಹಾಕುತ್ತದೆ. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ಮುನ್ನೂರು ಮೀಟರ್ ತಪ್ಪು! 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶ ಹೊಕ್ಕ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತರು. ಆ ತಿಂಗಳೇ ಅಧ್ಯಕ್ಷ ರೇಗನ್ ಜಿಪಿಎಸ್ ಪೂರ್ತಿಯಾದ ಮೇಲೆ ಅದು ನಾಗರಿಕರಿಗೂ ಸಿಗುತ್ತದೆ ಅಂತ ಪ್ರಕಟಿಸಿದರು. ಸಿಕ್ಕಿತು, ಆದರೆ ನೀರು ಬೆರೆಸಿದ ಹಾಲು. ಶತ್ರುಗಳು ಉಪಯೋಗಿಸಬಾರದು ಅಂತ ನಾಗರಿಕ ಸಂಕೇತದಲ್ಲಿ ಬೇಕೆಂದೇ ತಪ್ಪು ಸೇರಿಸಿದ್ದರು, ನೂರು ಮೀಟರಿನ ತನಕ. ದಾದರಿನಲ್ಲಿ ನೂರು ಮೀಟರ್ ಅಂದರೆ ನೀವು ಪೂರ್ವದಲ್ಲಿದ್ದೀರೋ ಪಶ್ಚಿಮದಲ್ಲೋ ಅಂತಲೂ ತಿಳಿಯದು.

ಹಾಗಾಗಿ 1990ರಲ್ಲಿ ಜಪಾನಿನ ಮಾಜ್ದಾ ಕಂಪನಿಯ 'ಯೂನೋಸ್ ಕಾಸ್ಮೋ' ಕಾರಿನಲ್ಲಿ ಮೊದಲ ಬಾರಿಗೆ ಜಿಪಿಎಸ್ ಒಳಗೇ ಕೂತು ಬಂದಾಗಲೂ, ಆಮೇಲಿನ ಹತ್ತು ವರ್ಷವೂ, ಆಕಾಶವೊಂದನ್ನೇ ನಂಬುವ ಹಾಗಿರಲಿಲ್ಲ. ಚಕ್ರ, ಜೈರೋ, ಉಪಗ್ರಹ ಮೂರೂ ಸೇರಬೇಕು. ಒಳಗಿನ ಪೆಟ್ಟಿಗೆಯೇ ರಾಜ. 1998ರಲ್ಲಿ ಗಾರ್ಮಿನ್ ಕಂಪನಿ 'ಸ್ಟ್ರೀಟ್‌ಪೈಲಟ್' ಅಂತ ಕಾರಿಗೆ ಇಡುವ ಪೆಟ್ಟಿಗೆ ತಂದಿತಾದರೂ ಅದರ ಕಾಲ ಇನ್ನೂ ಬಂದಿರಲಿಲ್ಲ.

ಬಂದದ್ದು ಒಂದು ರಾತ್ರಿಯಲ್ಲಿ. 2000ದ ಮೇ 1 ಮುಗಿದು 2 ಹುಟ್ಟುವ ಹೊತ್ತಿಗೆ ಅಧ್ಯಕ್ಷ ಕ್ಲಿಂಟನ್ ಆದೇಶದಂತೆ ಆ ಬೆರಕೆ ನಿಂತಿತು. ಯಾರೂ ಹೊಸ ಯಂತ್ರ ಕೊಳ್ಳಲಿಲ್ಲ, ಇದ್ದ ಯಂತ್ರವೇ ಬೆಳಗಾಗುವುದರೊಳಗೆ ಹತ್ತು ಪಟ್ಟು ಚುರುಕಾಯಿತು! ಈಗ ಚಕ್ರದ ತಂತಿ ಇಲ್ಲದಿದ್ದರೂ ನಡೆಯುತ್ತದೆ. ಮುಂದಿನ ನಾಲ್ಕೈದು ವರ್ಷದಲ್ಲಿ ಎತ್ತರದ ಕಟ್ಟಡಗಳ ನಡುವೆಯೂ ಸಂಕೇತ ಹಿಡಿಯುವ ಅಗ್ಗದ ಚಿಪ್ಪು ಬಂತು, ಇಡೀ ದೇಶದ ನಕ್ಷೆ ಹಿಡಿಸುವ ಮೆಮರಿ ಕಾರ್ಡು ಬಂತು. 2004ರಲ್ಲಿ ನೆದರ್ಲೆಂಡ್ಸ್‌ನ ಟಾಮ್‌ಟಾಮ್ ತನ್ನ 'ಗೋ' ತಂದಿತು, 2005ರಲ್ಲಿ ಗಾರ್ಮಿನ್ 'ನುವಿ' ತಂದಿತು. ಅಮೆರಿಕದಲ್ಲಿ ಕಾರಿನೊಳಗಿನ ಯಂತ್ರಕ್ಕೆ ಸುಮಾರು ಎರಡು ಸಾವಿರ ಡಾಲರ್, ನಕ್ಷೆಯ ಹೊಸ ಡಿ.ವಿ.ಡಿ. ಬೇಕಾದರೆ ಮತ್ತೆ ನೂರಾರು ಡಾಲರ್. ಅಂಟಿಸುವ ಪೆಟ್ಟಿಗೆ ಅದರ ಕೆಲವೇ ಭಾಗಕ್ಕೆ. ಕಳ್ಳರಿಗೂ ಖುಷಿಯಾಯಿತು ಅನ್ನಿ. ಪೆಟ್ಟಿಗೆ ಕಿಸೆಯಲ್ಲಿಟ್ಟುಕೊಂಡು ಹೋದರೂ ಗಾಜಿನ ಮೇಲೆ ಉಳಿದ ರಬ್ಬರ್ ಬಟ್ಟಲಿನ ಉಂಗುರದ ಗುರುತು ನೋಡಿ, ಒಳಗೆ ಸೀಟಿನ ಕೆಳಗಿದ್ದೀತು ಅಂತ ಗಾಜು ಒಡೆಯುತ್ತಿದ್ದರು. ಆ ಉಂಗುರ ಒರೆಸಿ ಹೋಗಿ ಅಂತ ಅಲ್ಲಿಯ ಪೊಲೀಸರೇ ಹೇಳುತ್ತಿದ್ದರು.

ನಮ್ಮ ದೇಶದಲ್ಲಿ ತಡವಾದದ್ದು ಯಂತ್ರದಿಂದಲ್ಲ, ನಕ್ಷೆಯಿಂದ. ಇಲ್ಲಿ ನಕ್ಷೆ ಅನ್ನುವುದು ಹುಟ್ಟಿನಿಂದಲೂ ಸರಕಾರದ, ಸೈನ್ಯದ ಸೊತ್ತು. ಸರ್ವೆ ಆಫ್ ಇಂಡಿಯಾ ಶುರುವಾದದ್ದೇ 1767ರಲ್ಲಿ, ಕಂಪನಿಯ ಕಾಲದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಕಾಲಿನ್ ಮೆಕೆಂಜಿ ಮೈಸೂರು ಸೀಮೆ ಅಳೆಯಲು ಹೊರಟ, ಗೆದ್ದ ನೆಲದಲ್ಲಿ ಏನೇನಿದೆ ಅಂತ ತಿಳಿಯಬೇಕಲ್ಲ. ಸ್ವಾತಂತ್ರ್ಯ ಬಂದ ಮೇಲೂ ಗಡಿ ಮತ್ತು ಕರಾವಳಿಯ ವಿವರವಾದ ನಕ್ಷೆಗಳು ಸಾಮಾನ್ಯರಿಗೆ ನಿಷಿದ್ಧ. 2005ರ ರಾಷ್ಟ್ರೀಯ ನಕ್ಷೆ ನೀತಿಯಲ್ಲಿ ಸೈನ್ಯಕ್ಕೊಂದು ಸರಣಿ, ಜನಕ್ಕೊಂದು ಸರಣಿ ಅಂತ ಬೇರೆ ಮಾಡಿದರು. ಪೂರ್ತಿ ಬಾಗಿಲು ತೆಗೆದದ್ದು 2021ರ ಫೆಬ್ರವರಿಯಲ್ಲಿ. ಈ ನಡುವೆ ದಿಲ್ಲಿಯ ರಾಕೇಶ್ ಮತ್ತು ರಶ್ಮಿ ವರ್ಮಾ ದಂಪತಿ 1995ರಲ್ಲಿ ಶುರು ಮಾಡಿದ ಕಂಪನಿ, ನಾವೀಗ ಮ್ಯಾಪ್‌ಮೈಇಂಡಿಯಾ ಅನ್ನುವುದು, ಯಾರಿಗೂ ಬೇಡವಾಗಿದ್ದ ಕಾಲದಲ್ಲೇ ಊರೂರು ಸುತ್ತಿ ಡಿಜಿಟಲ್ ನಕ್ಷೆ ಕೂಡಿಹಾಕುತ್ತಿತ್ತು. 2000ದ ದಶಕದ ಕೊನೆಗೆ ಹೈದರಾಬಾದಿನ ಕಂಪನಿಯೊಂದೂ ಕಣಕ್ಕಿಳಿದಿತ್ತು. ಆ ಹೊತ್ತಿಗೇ ನಾನು ಪೆಟ್ಟಿಗೆ ಕೊಂಡದ್ದು. ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ. ಯಾಕೆ ಅಂತ ಮುಂದೆ ನಿಮಗೇ ತಿಳಿಯುತ್ತದೆ.

ಮೊದಲ ವರ್ಷ ಗೆದ್ದವನು ನಾನೇ. ಬಾಂದ್ರಾ-ವರಳಿ ಸೀ ಲಿಂಕ್ 2009ರ ಜೂನ್ 30ರಂದು ಉದ್ಘಾಟನೆಯಾಗಿತ್ತು. ಭಾವನ ಕಾರಿನ ಡಿ.ವಿ.ಡಿ. ಅದಕ್ಕಿಂತ ಹಿಂದಿನದು. ಪುಣೆಯಿಂದ ಬಂದವರನ್ನು ಸೀ ಲಿಂಕ್ ತೋರಿಸಲು ಕರೆದುಕೊಂಡು ಹೋದರೆ, ಅವರ ಪರದೆಯಲ್ಲಿ ಕಾರು ಅರಬ್ಬೀ ಸಮುದ್ರದಲ್ಲಿ ಈಜುತ್ತಿದೆ! ಒಳಗಿನ ಹೆಂಗಸು ಇಂಗ್ಲಿಷಿನಲ್ಲಿ 'ಸಾಧ್ಯವಾದಲ್ಲಿ ಹಿಂದಕ್ಕೆ ತಿರುಗಿ' ಅಂತ ಬಡಿದುಕೊಳ್ಳುತ್ತಿದ್ದಾಳೆ. ಹೊಸ ಡಿ.ವಿ.ಡಿ.ಯ ಬೆಲೆ ಕೇಳಿ ಭಾವ ಸುಮ್ಮನಾದರು. ನನ್ನದು ಕಂಪ್ಯೂಟರಿಗೆ ಸಿಕ್ಕಿಸಿದರೆ ಹೊಸ ನಕ್ಷೆ ಬರುತ್ತಿತ್ತು, ಒಂದು ವರ್ಷ ಪುಕ್ಕಟೆ. ಸೀ ಲಿಂಕ್ ಮುಗಿದು ವರಳಿ ಬರುವ ತನಕ ಅವರನ್ನು ಎಷ್ಟು ಕಾಡಿಸಿದೆ ಅಂತೀರಿ!

ಆಮೇಲೆ 2011ರ ನವೆಂಬರ್. ಅಪ್ಪಯ್ಯನಿಗೆ ಎದೆನೋವು, ಶಿರಸಿಯ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ತಮ್ಮ ಫೋನು ಮಾಡಿದ. ನಾನು ಪುಣೆಗೆ ಹೋಗಿ, ಅಲ್ಲಿಂದ ಭಾವನ ಕಾರಿನಲ್ಲಿ ಅಕ್ಕ, ಭಾವ, ನಾನು ಸಂಜೆ ಆರಕ್ಕೆ ಹೊರಟೆವು. ಎರಡೂ ಯಂತ್ರ ಕಾರಿನಲ್ಲಿ. ಒಳಗಿನದ್ದು ಒಳಗೆ, ನನ್ನದು ಗಾಜಿಗೆ. ಕೊಲ್ಲಾಪುರ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಬೈಪಾಸಿನ ತನಕ ಎರಡೂ ಒಂದೇ ಮಾತು. ತಡಸದಲ್ಲಿ ಹೆದ್ದಾರಿ ಬಿಟ್ಟು ಮುಂಡಗೋಡಿನ ರಸ್ತೆ ಹಿಡಿದದ್ದೇ ತಡ, ಭಾವನ ಯಂತ್ರದ ಪರದೆ ಖಾಲಿ. ಕಂದು ಬಣ್ಣದ ಬಯಲಿನಲ್ಲಿ ಬಾಣವೊಂದೇ. ಅದಕ್ಕೆ ಗೊತ್ತಿದ್ದದ್ದು ಹೆದ್ದಾರಿ ಮಾತ್ರ. ನನ್ನ ಪೆಟ್ಟಿಗೆ ಮಾತ್ರ ಜಂಬದಿಂದ ಗೀಟು ತೋರಿಸುತ್ತಿತ್ತು. ಮುಂಡಗೋಡು ದಾಟಿ ಸ್ವಲ್ಪ ಹೊತ್ತಿಗೆ ಅದು ಬಲಕ್ಕೆ ತಿರುಗಿ ಅಂತು. ಆ ದಾರಿಯಲ್ಲಿ ಹದಿನಾಲ್ಕು ಕಿಲೋಮೀಟರ್ ಉಳಿತಾಯ.

ನಾನು ಆ ಸೀಮೆಯಲ್ಲೇ ಹುಟ್ಟಿದವನು. ಮುಖ್ಯ ರಸ್ತೆ ನನಗೆ ಗೊತ್ತಿತ್ತು. ಆದರೆ ಮೂವತ್ತು ವರ್ಷ ರಾತ್ರಿ ಬಸ್ಸಿನಲ್ಲಿ ಮಲಗಿಕೊಂಡೇ ಊರಿಗೆ ಹೋದವನಿಗೆ ಒಳದಾರಿ ಯಾವುದು ಎಲ್ಲಿದೆ ಅಂತ ಏನು ಗೊತ್ತು? ಹೊಸ ರಸ್ತೆ ಮಾಡಿರಬಹುದು ಅಂದುಕೊಂಡೆ. "ತಿರುಗಿಸಿ ಭಾವ" ಅಂದೆ. ಡಾಂಬರು ಹೋಗಿ ಜಲ್ಲಿ ಬಂತು, ಜಲ್ಲಿ ಹೋಗಿ ಮಣ್ಣು, ಎರಡೂ ಕಡೆ ಕಾಡು. ಫೋನಿಗೆ ಸಿಗ್ನಲ್ ಇಲ್ಲ. ಯಂತ್ರ ಮಾತ್ರ 'ನೇರ ಹೋಗಿ' ಅನ್ನುತ್ತಲೇ ಇತ್ತು. ಕೊನೆಗೆ ದೀಪದ ಬೆಳಕಿಗೆ ಎದುರಿಗೇ ಆಳದ ಅಗಳ ಕಂಡಿತು. ಭಾವ ಬ್ರೇಕು ಒತ್ತಿದರು. ಹಿಂದೆ ತಿರುಗಿಸಲು ಜಾಗವಿಲ್ಲ, ಚಕ್ರ ಮಣ್ಣಿನಲ್ಲಿ ಹೂತಿತು. ಹಂದಿ ಬರದ ಹಾಗೆ ಗದ್ದೆಯ ಮಾಳದಲ್ಲಿ ಕೂತಿದ್ದವನೊಬ್ಬ ಬೆಳಕು ನೋಡಿ ಬ್ಯಾಟರಿ ಹಿಡಿದುಕೊಂಡು ಬಂದ. "ಇದು ಗಾಡಿ ದಾರಿ ಆಗಿತ್ತ್ರಾ, ಫಾರೆಸ್ಟಿನವ್ರು ಅಗಳ ಹೊಡದು ಎಷ್ಟೋ ವರ್ಷ ಆತು" ಅಂದ. ಹಳೇ ಕಾಗದದ ನಕ್ಷೆಯಲ್ಲಿದ್ದ ಎತ್ತಿನಗಾಡಿ ದಾರಿಯ ಮೇಲೆ, ಯಾವುದೋ ಆಫೀಸಿನಲ್ಲಿ ಕೂತು ಗೀಟು ಎಳೆದವರು ಅದನ್ನೂ ರಸ್ತೆ ಅಂತ ಸೇರಿಸಿದ್ದರು ಅಂತ ನನ್ನ ಊಹೆ. ಅವನೇ ಕಾರು ದೂಡಿ, ಸೊಪ್ಪು ಕಡಿದು ಚಕ್ರದ ಕೆಳಗೆ ಹಾಕಿ, ಮುಖ್ಯ ರಸ್ತೆಯ ತನಕ ಮುಂದಿನ ಸೀಟಿನಲ್ಲಿ ಕೂತು ದಾರಿ ತೋರಿಸಿದ. ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಶಿರಸಿ ಮುಟ್ಟಿದಾಗ ಬೆಳಗಿನ ಐದೂವರೆ. ಅಪ್ಪಯ್ಯ ನಾಲ್ಕರ ತನಕ ಮಾತಾಡುತ್ತಿದ್ದರಂತೆ. 'ಎಲ್ಲಿಗೆ ಬಂದರು' ಅಂತ ಕೇಳುತ್ತಿದ್ದರು ಅಂತ ತಮ್ಮ ಹೇಳಿದ. ನಾವು ಹೋದ ಮೇಲೆ ಅವರು ಕಣ್ಣು ಬಿಡಲಿಲ್ಲ. ಮಾರನೇ ದಿನ ತೀರಿಕೊಂಡರು.

ಭಾವ ಆ ಹದಿನಾಲ್ಕು ಕಿಲೋಮೀಟರಿನ ಬಗ್ಗೆ ಇವತ್ತಿನ ತನಕ ಒಂದು ಮಾತೂ ಆಡಿಲ್ಲ. ನಾನು ಮಾತ್ರ ಆಮೇಲೆ ಪೆಟ್ಟಿಗೆಯನ್ನು ಗಾಜಿಗೆ ಅಂಟಿಸಲಿಲ್ಲ. ಲಾಫ್ಟಿಗೆ ಹೋಗಿದ್ದು ಹಾಗೆ. ಭಾವನ ಯಂತ್ರಕ್ಕೆ ಗೊತ್ತಿಲ್ಲದಾಗ ಗೊತ್ತಿಲ್ಲ ಅಂತ ಪರದೆ ಖಾಲಿ ಬಿಟ್ಟಿತ್ತು, ನನ್ನದು ಗೊತ್ತಿದ್ದವರ ಹಾಗೆ ಮಾತಾಡಿತು. ಈ ವ್ಯತ್ಯಾಸ ಯಾವ ಜಾಹೀರಾತಿನಲ್ಲೂ ಇರಲಿಲ್ಲ.

ನಾವು ಹೀಗೆ ಒಳಗೋ ಹೊರಗೋ ಅಂತ ಜಗಳಾಡುವ ಹೊತ್ತಿಗೆ ನಿಜವಾದ ಯುದ್ಧ ಬೇರೆ ಕಡೆ ಮುಗಿದಿತ್ತು, ಅದೂ ಯಂತ್ರಕ್ಕಾಗಿ ಅಲ್ಲ, ನಕ್ಷೆಗಾಗಿ. ಅಮೆರಿಕ, ಯುರೋಪಿನ ರಸ್ತೆಗಳ ನಕ್ಷೆ ಇದ್ದದ್ದು ಮುಖ್ಯವಾಗಿ ಎರಡು ಕಂಪನಿಗಳ ಹತ್ತಿರ. ಒಂದು ಟೆಲಿ ಅಟ್ಲಾಸ್. ಕ್ಯಾಸೆಟ್ಟಿನ ಈಟಾಕ್ ಕೈ ಬದಲಿಸುತ್ತಾ ಕೊನೆಗೆ ಸೇರಿದ್ದು ಇದರೊಳಗೇ. ಇನ್ನೊಂದು ನಾವ್‌ಟೆಕ್. 2007ರಲ್ಲಿ ಟೆಲಿ ಅಟ್ಲಾಸನ್ನು ಕೊಳ್ಳಲು ಟಾಮ್‌ಟಾಮ್ ಹೊರಟಿತು, ನಡುವೆ ಗಾರ್ಮಿನ್ ಬಂದು ಬೆಲೆ ಏರಿಸಿತು, ಕಡೆಗೆ 2008ರಲ್ಲಿ ಟಾಮ್‌ಟಾಮ್ ಸುಮಾರು 290 ಕೋಟಿ ಯೂರೋ ಕೊಟ್ಟು ಗೆದ್ದಿತು. ಅದೇ ವರ್ಷ ನೋಕಿಯಾ ಸುಮಾರು 810 ಕೋಟಿ ಡಾಲರಿಗೆ ನಾವ್‌ಟೆಕ್ ಕೊಂಡಿತು. ಇಬ್ಬರಿಗೂ ಮರುವರ್ಷವೇ ಆಘಾತ. 2009ರ ಅಕ್ಟೋಬರ್ 28ರಂದು ಗೂಗಲ್, ಫೋನಿನಲ್ಲೇ ತಿರುವು ತಿರುವಿಗೂ ದಾರಿ ಹೇಳುವುದನ್ನು ಪ್ರಕಟಿಸಿತು, ಪುಕ್ಕಟೆ! ಅಂದೇ ಗಾರ್ಮಿನ್ ಮತ್ತು ಟಾಮ್‌ಟಾಮ್ ಶೇರುಗಳು ದಬದಬ ಬಿದ್ದವು. ಅಂದರೆ 2010ರಲ್ಲಿ ನಾನು ಹನ್ನೆರಡು ಸಾವಿರ ಕೊಟ್ಟು ಕೊಂಡದ್ದು ಆಗಲೇ ತಿಥಿಯ ತಾರೀಖು ಗೊತ್ತಾಗಿದ್ದ ವಸ್ತು.

ಗೂಗಲ್ಲಿನ ನಕ್ಷೆಗೆ ಬೆಂಗಳೂರಿನ ಕೈವಾಡವೂ ಇದೆ. ಅಲ್ಲಿಯ ಆಫೀಸಿನ ಲಲಿತೇಶ್ ಕಟ್ರಗಡ್ಡ ಮೊದಲಾದವರು 2008ರಲ್ಲಿ 'ಮ್ಯಾಪ್ ಮೇಕರ್' ತಂದರು. ಊರಿನವರೇ ತಮ್ಮ ಊರಿನ ರಸ್ತೆ ಬಿಡಿಸಿ ಕಳಿಸುವುದು. ನನ್ನ ತಮ್ಮನ ಮಗ ನಮ್ಮ ಕೇರಿಯ ದಾರಿಯನ್ನು ಅದರಲ್ಲೇ ಬಿಡಿಸಿದ. 2017ರಲ್ಲಿ ಅದು ನಿಂತಿತು. 2009ರ ಡಿಸೆಂಬರಿನಲ್ಲಿ ಭಾರತಕ್ಕಂತಲೇ 'ಪೆಟ್ರೋಲ್ ಪಂಪಿನ ಹತ್ತಿರ ತಿರುಗಿ' ಅಂತ ಗುರುತು ಹೇಳುವ ಪದ್ಧತಿಯನ್ನೂ ತಂದರು. ನಾಜ್ ಟಾಕೀಸು ಹಿಂದುಗಡೆ ಅನ್ನುವ ನಮ್ಮ ವಿಳಾಸಕ್ಕೆ ಕೊನೆಗೂ ಮರ್ಯಾದೆ ಸಿಕ್ಕಿತು.

ಆಕಾಶದಲ್ಲೂ ನಮ್ಮದೊಂದು ವ್ಯವಸ್ಥೆ ಬಂತು. 2013ರ ಜುಲೈ 1ರಂದು ಮೊದಲ ಉಪಗ್ರಹ, 2016ರ ಏಪ್ರಿಲ್ 28ರಂದು ಏಳನೆಯದು. ಹೆಸರು 'ನಾವಿಕ್'. ಅದರ ಸಮಯ ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿ, ಉಪಗ್ರಹಗಳ ಹಗ್ಗ ಹಿಡಿಯುವುದು ಹಾಸನದಿಂದ. ಮೊದಲ ಉಪಗ್ರಹದ ವಿದೇಶಿ ಪರಮಾಣು ಗಡಿಯಾರಗಳು ಕೆಟ್ಟು ತಲೆನೋವಾಯಿತು. 2023ರ ಮೇ 29ರಂದು ಹಾರಿದ್ದರಲ್ಲಿ ದೇಶದಲ್ಲೇ ಮಾಡಿದ ಗಡಿಯಾರ ಇತ್ತು.

ಕಾರಿನವರು ಸುಮ್ಮನಿರಲಿಲ್ಲ. ನೋಕಿಯಾ 810 ಕೋಟಿ ಡಾಲರಿಗೆ ಕೊಂಡ ನಕ್ಷೆಯನ್ನು 2015ರಲ್ಲಿ 280 ಕೋಟಿ ಯೂರೋಗೆ ಕೊಂಡವರು ಯಾರು ಗೊತ್ತೇ? ಔಡಿ, ಬಿಎಂಡಬ್ಲ್ಯು, ಡೈಮ್ಲರ್. ಪೆಟ್ಟಿಗೆ ಒಳಗಿರಲಿ ಹೊರಗಿರಲಿ, ನಕ್ಷೆ ಇನ್ನೊಬ್ಬರ ಕೈಯಲ್ಲಿದ್ದರೆ ಕಾರೂ ಅವರದ್ದೇ ಅಂತ ಅವರಿಗೆ ತಿಳಿದಿತ್ತು. 2014ರಲ್ಲಿ ಆಪಲ್, ಮರುವರ್ಷ ಗೂಗಲ್, ಫೋನಿನ ಪರದೆಯನ್ನೇ ಕಾರಿನ ಡ್ಯಾಶ್‌ಬೋರ್ಡಿಗೆ ತಂದವು. ಪೆಟ್ಟಿಗೆ ಗಾಜಿನಿಂದ ಇಳಿದು ಮತ್ತೆ ಒಳಗೇ ಹೋಯಿತು. ಸುರಂಗದಲ್ಲಿ ಆಕಾಶ ಕಾಣದಾಗ ಒಳ್ಳೆಯ ಕಾರುಗಳು ಈಗಲೂ ಚಕ್ರವನ್ನೇ ಕೇಳುತ್ತವೆ, 1909ರ ಜೋನ್ಸ್ ಕೇಳಿದ ಹಾಗೆ.

ಭಾವ ಆ ಕಾರು ಮಾರಿದ್ದು 2019ರಲ್ಲಿ. 2014ರ ನವೆಂಬರ್ 1ರಂದು ಬೆಳಗಾವಿ ಬೆಳಗಾವಿಯೇ ಆದ ಮೇಲೂ ಅದರ ಪಾಲಿಗೆ ಅದು ಬೆಲ್ಗಾಮೇ. ಕೊಳ್ಳಲು ಬಂದ ಹುಡುಗ ಸುತ್ತಲೂ ನೋಡಿ, ಟೈರು ಒದ್ದು, ಕೊನೆಗೆ ಡ್ಯಾಶ್‌ಬೋರ್ಡು ಮುಟ್ಟಿ "ಅಂಕಲ್, ಈ ಟಿ.ವಿ. ನಡೀತದಾ?" ಅಂತ ಕೇಳಿದನಂತೆ.

"ನಡೀತದೆ" ಅಂದರಂತೆ ಭಾವ. "ಸಮುದ್ರದ ಮೇಲೂ ನಡೀತದೆ."